ಮೊಣಕಾಲುದ್ದ ನೀರಿಗೆ 18 ಅಡಿಯ ಅಲ್ಯೂಮಿನಿಯಂ ಬೋಟು: ಯಾವುದು ಸರಿ, ಯಾವುದು ಬೇಡ

16 ಅಡಿಯ ಬೋಟಿನಿಂದ 18–20 ಅಡಿಗೆ ಏರಬೇಕು ಅಂದುಕೊಂಡವರಿಗೆಲ್ಲ ಇರುವ ಅಂಜಿಕೆ ಒಂದೇ. ಬೋಟು ದೊಡ್ಡದಾದರೆ ಹೆಚ್ಚು ನೀರು ಬೇಕಾಗುತ್ತದೆ, ಇಳಿತದ ಹೊತ್ತಿಗೆ ಮರಳು ದಿಣ್ಣೆಯ ಮೇಲೆ ಕೂತುಬಿಡುತ್ತದೆ ಅಂತ. ಈ ಅಂಜಿಕೆ ಅರ್ಧ ಸುಳ್ಳು. ಎಷ್ಟು ಸುಳ್ಳು ಎಂದು ಕಾಗದ, ಪೆನ್ಸಿಲ್ ಹಿಡಿದು ಐದು ನಿಮಿಷದಲ್ಲಿ ಕಂಡುಕೊಳ್ಳಬಹುದು.

ಈ ಜಾತಿಯ ಬೋಟುಗಳ ಮಾದರಿ ಸಂಖ್ಯೆಯಲ್ಲೇ ಸಾಮಾನ್ಯವಾಗಿ ಅಳತೆ ಅಡಗಿರುತ್ತದೆ. 1648 ಎಂದರೆ 16 ಅಡಿ ಉದ್ದ, ತಳದ ಅಗಲ 48 ಇಂಚು. 1860 ಎಂದರೆ 18 ಅಡಿ, 60 ಇಂಚು. ಇದು ತಳದ ಅಗಲ, ಮೇಲಂಚಿನ ಅಗಲವಲ್ಲ. ಅಂಗಡಿಯವರು ಮೇಲಂಚಿನ ಅಳತೆಯನ್ನು ದೊಡ್ಡದಾಗಿ ಹೇಳುತ್ತಾರೆ, ಆದರೆ ನೀರಿನ ಮೇಲೆ ಕೂರುವುದು ತಳ.

1648ರಲ್ಲಿ ನೀರಿಗೆ ತಾಗುವ ಜಾಗ ಸುಮಾರು 4.4 ಮೀಟರ್ ಉದ್ದ, 1.22 ಮೀಟರ್ ಅಗಲ, ಅಂದರೆ 5.4 ಚದರ ಮೀಟರ್. ಜನ, ಎಂಜಿನ್, ಪೆಟ್ರೋಲ್, ಬ್ಯಾಟರಿ ಎಲ್ಲ ಸೇರಿ 700 ಕೆ.ಜಿ. ಎಂದಿಟ್ಟುಕೊಳ್ಳಿ. ಒಂದು ಘನ ಮೀಟರ್ ಉಪ್ಪುನೀರಿನ ತೂಕ 1025 ಕೆ.ಜಿ. ಭಾಗಿಸಿದರೆ ಚಪ್ಪಟೆ ತಳದ ಬೋಟು 12.6 ಸೆಂ.ಮೀ. ಮುಳುಗುತ್ತದೆ. ಈಗ 1860: 5 ಮೀಟರ್, 1.5 ಮೀಟರ್, ಅಂದರೆ 7.5 ಚದರ ಮೀಟರ್. ಇದಕ್ಕೆ 250 ಕೆ.ಜಿ. ಹೆಚ್ಚು ಹೇರಿ 950 ಮಾಡಿದರೂ ಮುಳುಗುವುದು 12.4 ಸೆಂ.ಮೀ. ಮೂತಿ ಮೇಲಕ್ಕೆ ಬಾಗಿರುವುದರಿಂದ ಎರಡಕ್ಕೂ ಎರಡು–ಮೂರು ಸೆಂ.ಮೀ. ಸೇರಿಸಿ. ದೊಡ್ಡ ಬೋಟು ಇನ್ನೊಬ್ಬ ಮನುಷ್ಯನನ್ನು, ದೊಡ್ಡ ಎಂಜಿನ್ನನ್ನು ಹೊತ್ತುಕೊಂಡೂ ಚಿಕ್ಕದರಷ್ಟೇ ನೀರಿನಲ್ಲಿ ತೇಲುತ್ತದೆ. ಅಗಲ ಕೂಡದೆ ಉದ್ದ ಮಾತ್ರ ಕೂಡಿದ ಬೋಟಿನಲ್ಲಿ ಈ ಲಾಭ ಅಷ್ಟಾಗಿ ಸಿಗುವುದಿಲ್ಲ.

ತಳ ಚಪ್ಪಟೆಯಲ್ಲದೆ ವಿ ಆಕಾರದಲ್ಲಿದ್ದರೆ ಲೆಕ್ಕ ಬದಲಾಗುತ್ತದೆ. ಅದೇ 1860, ಅದೇ 950 ಕೆ.ಜಿ., ಹಿಂಬದಿಯವರೆಗೂ 10 ಡಿಗ್ರಿ ಇಳಿಜಾರಿನ ವಿ ತಳ: ಈಗ ಬೇಕಾಗುವ ನೀರು 19 ಸೆಂ.ಮೀ. ಆರೂವರೆ ಸೆಂ.ಮೀ. ಹೆಚ್ಚು. ಇದಕ್ಕೆ ಪ್ರತಿಯಾಗಿ ಸಿಗುವುದೇನು? ಅಳಿವೆಯ ಬಾಯಲ್ಲಿ, ಭರತಕ್ಕೆ ಎದುರು ಗಾಳಿ ಬೀಸಿದಾಗ ಏಳುವ ಗಿಡ್ಡ, ಒತ್ತೊತ್ತಾದ ಅಲೆಗಳಲ್ಲಿ ಬೆನ್ನುಮೂಳೆ ಉಳಿಯುತ್ತದೆ. ಚಪ್ಪಟೆ ತಳ ಒಂದಡಿ ಅಲೆಯ ಮೇಲೆ ಒಗೆಯುವ ಕಲ್ಲಿಗೆ ಬಟ್ಟೆ ಬಡಿದ ಹಾಗೆ ಬಡಿಯುತ್ತದೆ.

ನಮ್ಮ ಮಟ್ಟಿಗೆ ಸರಿಕಂಡದ್ದು ಇವೆರಡರ ನಡುವಿನದು. ಮೂತಿಯ ಹತ್ತಿರ ಚೂಪಾಗಿ ಶುರುವಾಗಿ ಹಿಂದೆ ಬರುತ್ತಾ 6–8 ಡಿಗ್ರಿಗೆ ಇಳಿಯುವ ತಳ. ಅಂಚಿನಲ್ಲಿ ಕೆಳಮುಖವಾಗಿ ಮಡಿಸಿದ ಪಟ್ಟಿ ಇದ್ದರೆ ನೀರಿನ ಸಿಂಪಡಿಕೆ ಪಕ್ಕಕ್ಕೆ ಹೋಗುತ್ತದೆ, ಮುಖಕ್ಕೆ ಎರಚುವುದಿಲ್ಲ. ಆದರೆ ಅದೇ ಪಟ್ಟಿಯ ಕೆಳಗೆ ಲಂಗರು ಹಾಕಿ ನಿಂತಾಗ ಪುಟ್ಟ ಅಲೆಗಳು ‘ಟಪ್ ಟಪ್’ ಎನ್ನುತ್ತವೆ. ಎರಡಡಿ ನೀರಿನಲ್ಲಿ ಮೀನು ಓಡಿಸಲು ಅಷ್ಟು ಸದ್ದು ಸಾಕು. ಖರೀದಿಗೆ ಮುನ್ನ ಬೋಟನ್ನು ಗಾಳಿಗೆ ಅಡ್ಡವಾಗಿ ನಿಲ್ಲಿಸಿ, ಎಂಜಿನ್ ಆರಿಸಿ, ಐದು ನಿಮಿಷ ಸುಮ್ಮನೆ ಕಿವಿಗೊಡಿ.

ಮೂರನೆಯ ಬಗೆ ಸುರಂಗ ತಳದ್ದು. ಹಿಂಭಾಗದಲ್ಲಿ ತಳವನ್ನು ತೋಡಿನಂತೆ ಒಳಕ್ಕೆ ತಗ್ಗಿಸಿರುತ್ತಾರೆ; ನೀರು ಆ ತೋಡಿನಲ್ಲಿ ಮೇಲೇರಿ ಪ್ರೊಪೆಲ್ಲರ್‌ಗೆ ಸಿಗುತ್ತದೆ, ಎಂಜಿನ್ನನ್ನು ಇನ್ನಷ್ಟು ಎತ್ತರಕ್ಕೆ ಕೂರಿಸಬಹುದು. ಜಾಹೀರಾತಿನಲ್ಲಿ ಇದೇ ರಾಜ. ಹೇಳದೆ ಬಿಡುವುದೇನೆಂದರೆ, ತೋಡು ತೋಡಿದಷ್ಟು ತೇಲುಬಲ ಹೋಗುತ್ತದೆ. 40 ಸೆಂ.ಮೀ. ಅಗಲ, ಹಿಂತುದಿಯಲ್ಲಿ 10 ಸೆಂ.ಮೀ. ಆಳ, ಮುಂದಕ್ಕೆ ಒಂದೂವರೆ ಮೀಟರಿನಲ್ಲಿ ಸೊನ್ನೆಗಿಳಿಯುವ ತೋಡು ಎಂದರೆ 30 ಲೀಟರ್ ಜಾಗ. ಎಂಜಿನ್ ಭಾರ ಬೀಳುವ ಕಡೆಯಲ್ಲೇ 30 ಕೆ.ಜಿ. ಹೆಚ್ಚುವರಿಯಾಗಿ ಹೇರಿದಂತೆ. ಓಡುವಾಗ ಕಡಿಮೆ ನೀರು ಸಾಕು, ನಿಂತಾಗ ಹಿಂಬದಿ ಇನ್ನೂ ಕುಸಿಯುತ್ತದೆ. ಬಿಗಿಯಾಗಿ ತಿರುಗಿಸಿದರೆ ತೋಡಿಗೆ ಗಾಳಿ ನುಗ್ಗಿ ಪ್ರೊಪೆಲ್ಲರ್ ಬರಿದೇ ಗಿರ್ರನೆ ಸುತ್ತುತ್ತದೆ. ದಿನವೂ ಒಂದಡಿಗಿಂತ ಕಡಿಮೆ ನೀರಿನ ಕಾಲುವೆ ದಾಟಲೇಬೇಕಾದವರಿಗೆ ಸುರಂಗ ತಳ ಸರಿ. ಉಳಿದವರಿಗೆ ಬೇಡ.

ಇನ್ನು ತಗಡು. ತಳಕ್ಕೆ 5052, 5083 ಅಥವಾ 5086 ದರ್ಜೆಯ ತಗಡೇ ಇರಬೇಕು. ಇವು ಮೆಗ್ನೀಸಿಯಂ ಬೆರೆತ, ಉಪ್ಪುನೀರು ತಡೆಯುವ ಮಿಶ್ರಲೋಹಗಳು. ಪಕ್ಕೆಲುಬು, ಪಟ್ಟಿಗಳಿಗೆ 6061 ಬಳಸುವುದು ವಾಡಿಕೆ, ತಪ್ಪೇನಿಲ್ಲ. ಆದರೆ ಅದು ಕಾಯಿಸಿ ಗಟ್ಟಿಮಾಡಿದ ಲೋಹವಾದ್ದರಿಂದ ವೆಲ್ಡಿಂಗ್ ಶಾಖ ತಗುಲಿದ ಜಾಗದಲ್ಲಿ ಬಲ ಸಾಕಷ್ಟು ಕುಂದುತ್ತದೆ. ಬಿರುಕು ಬಿಡುವುದು ಹೆಚ್ಚಾಗಿ ಅಲ್ಲೇ.

ದಪ್ಪದ ವಿಚಾರದಲ್ಲಿ ಜನ ಅನಗತ್ಯವಾಗಿ ಚೌಕಾಸಿ ಮಾಡುತ್ತಾರೆ, ‘ದಪ್ಪ ತಗಡು ಭಾರ, ಬೋಟು ಮುಳುಗುತ್ತದೆ’ ಅಂತ. ಅಲ್ಯೂಮಿನಿಯಂ ಒಂದು ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 2.7 ಕೆ.ಜಿ. ತೂಗುತ್ತದೆ. 8 ಚದರ ಮೀಟರ್ ತಳಕ್ಕೆ ಒಂದು ಮಿ.ಮೀ. ದಪ್ಪ ಸೇರಿಸಿದರೆ ಕೂಡುವುದು ಸುಮಾರು 22 ಕೆ.ಜಿ., ಬೋಟು ಹೆಚ್ಚಿಗೆ ಮುಳುಗುವುದು 3 ಮಿ.ಮೀ. ಕೂಡ ಇಲ್ಲ. ಹಾಗಾಗಿ ಚಿಪ್ಪಿನ ದಿಬ್ಬ, ಕಲ್ಲುಗಳಿರುವ ಕಡೆ ಓಡಾಡುವವರು 3.2 ಮಿ.ಮೀ.ಗಿಂತ ತೆಳುವಾದ ತಳವನ್ನು ನೋಡಲೂ ಬೇಡಿ, 4 ಮಿ.ಮೀ. ಸಿಕ್ಕರೆ ಇನ್ನೂ ಒಳ್ಳೆಯದು. ಭಾರ ಉಳಿಸಬೇಕಿದ್ದರೆ ಅದಕ್ಕೆ ಬೇರೆ ಜಾಗಗಳಿವೆ. 100 ಲೀಟರಿನ ಜೀವಂತ ಮೀನಿನ ತೊಟ್ಟಿ ತುಂಬಿದರೆ 100 ಕೆ.ಜಿ. ಆಯಿತು.

ರಿವೆಟ್ಟೋ ವೆಲ್ಡಿಂಗೋ? ಶಾಂತ ನೀರಿಗೆ ರಿವೆಟ್ ಬೋಟು ಹಗುರ, ದುರಸ್ತಿಯೂ ಸುಲಭ. ಆದರೆ 18 ಅಡಿ, 90–115 ಎಚ್‌ಪಿ, ಗಿಡ್ಡ ಅಲೆ, ಈ ಮೂರೂ ಕೂಡಿದರೆ ಪ್ರತಿ ಬಡಿತಕ್ಕೂ ರಿವೆಟ್ ತನ್ನ ತೂತಿನಲ್ಲಿ ಕೂದಲೆಳೆಯಷ್ಟು ಅಲುಗುತ್ತದೆ, ತೂತು ಮೊಟ್ಟೆಯಾಕಾರಕ್ಕೆ ಹಿಗ್ಗುತ್ತದೆ, ಜಿನುಗು ಶುರುವಾಗುತ್ತದೆ. ಈ ಗಾತ್ರಕ್ಕೆ ವೆಲ್ಡಿಂಗ್ ಬೋಟೇ ಸರಿ, ವೆಲ್ಡಿಂಗ್ ಚೆನ್ನಾಗಿದ್ದರೆ ಮಾತ್ರ. ಹೊರಗಿನ ಸೇರುವೆಗಳಲ್ಲಿ ಹೊಲಿಗೆ ಎಲ್ಲೂ ತುಂಡಾಗಿರಬಾರದು, ನಾಣ್ಯಗಳನ್ನು ಒಂದರ ಮೇಲೊಂದು ಒರಗಿಸಿಟ್ಟ ಹಾಗೆ ಏಕಸಮನಾಗಿರಬೇಕು. ಒಳಗಿನ ಪಕ್ಕೆಲುಬಿಗೆ ಬಿಟ್ಟು ಬಿಟ್ಟು ಹಾಕಿದ ಹೊಲಿಗೆ ನಡೆಯುತ್ತದೆ. ಕಣ್ಣಿಟ್ಟು ನೋಡಬೇಕಾದದ್ದು ಹೊಲಿಗೆ ಮುಗಿಯುವ ತುದಿ: ಅಲ್ಲಿ ಕುಳಿ ಬಿದ್ದಿದ್ದರೆ ಬಿರುಕು ಹುಟ್ಟುವುದು ಅಲ್ಲಿಂದಲೇ. ಟ್ರಾನ್ಸಮ್‌ನ (ಎಂಜಿನ್ ಕೂರುವ ಹಿಂಬದಿಯ ಅಡ್ಡ ಗೋಡೆಯ) ಎರಡು ಕೆಳಮೂಲೆಗಳನ್ನು ಟಾರ್ಚ್ ಹಾಕಿ ನೋಡದೆ ಮುಂಗಡ ಕೊಡಬೇಡಿ.

ಬೋಟಿನ ತಳ 15–20 ಸೆಂ.ಮೀ. ನೀರಿನಲ್ಲಿ ತೇಲಬಹುದು, ಎಂಜಿನ್‌ಗೆ ಅದು ಸಾಲದು. ಔಟ್‌ಬೋರ್ಡಿನ (ಹಿಂಬದಿಗೆ ಹೊರಗಿನಿಂದ ಕೂರಿಸುವ ಎಂಜಿನ್ನಿನ) ಪ್ರೊಪೆಲ್ಲರ್ ಮೇಲಿರುವ ಅಡ್ಡ ತಟ್ಟೆ ತಳದ ಮಟ್ಟಕ್ಕೆ ಕೂತಿದ್ದರೆ, ಅದರಿಂದ ಕೆಳಗೆ ಎಂಜಿನ್ನಿನ ಅಡಿಯ ರೆಕ್ಕೆಯ ತುದಿಯವರೆಗೆ ಇನ್ನೂ 35–40 ಸೆಂ.ಮೀ. ಇಳಿದಿರುತ್ತದೆ. ಇದಕ್ಕೆ ಪರಿಹಾರ ಜಾಕ್ ಪ್ಲೇಟು. ಎಂಜಿನ್ನನ್ನು ನೇರವಾಗಿ ಮೇಲೆತ್ತುವ ಈ ಚೌಕಟ್ಟು 12–15 ಸೆಂ.ಮೀ. ಎತ್ತಿಕೊಟ್ಟರೂ ದೊಡ್ಡ ಗೆಲುವು. ಎಂಜಿನ್ ಟ್ರಾನ್ಸಮ್‌ನಿಂದ ಹಿಂದೆ ಸರಿದಷ್ಟೂ ತಳದಡಿಯಿಂದ ಹೊರಬಂದ ನೀರು ಮೇಲೇಳುವುದರಿಂದ, ಹತ್ತು–ಹನ್ನೆರಡು ಇಂಚು ಹಿಂದೆ ಹೋದರೆ ಒಂದು ಇಂಚು ಎತ್ತರ ಪುಕ್ಕಟೆ ಸಿಗುತ್ತದೆ ಎಂಬುದು ಬಳಕೆಯ ಲೆಕ್ಕ. ಜೊತೆಗೆ ಬೇಕಾದದ್ದು ಅಂಚು ಬಾಗಿಸಿದ ನಾಲ್ಕು ಎಲೆಯ ಪ್ರೊಪೆಲ್ಲರ್, ತಗ್ಗಿನಲ್ಲಿ ನೀರು ಎಳೆಯುವ ಬಾಯಿ, ಮತ್ತು ತಂಪುನೀರಿನ ಒತ್ತಡ ತೋರಿಸುವ ಮೀಟರು. ಮೀಟರಿಲ್ಲದೆ ಜಾಕ್ ಪ್ಲೇಟು ಹಾಕಿಸಿದರೆ ಎಂಜಿನ್ ಬಿಸಿಯಾಗಿ ಕೂಗಿದ ಮೇಲೇ ತಪ್ಪು ಗೊತ್ತಾಗುವುದು. ಪ್ರೊಪೆಲ್ಲರ್ ಬದಲು ನೀರು ಚಿಮ್ಮಿಸಿ ಓಡಿಸುವ ಜೆಟ್ ಘಟಕದ ಆಸೆಯಿದ್ದವರು ನೆನಪಿಡಿ: ಸುಮಾರು 30 ಶೇಕಡ ಶಕ್ತಿ ಅಲ್ಲೇ ಕರಗುತ್ತದೆ, ಮರಳು ಎಳೆದು ಒಳಚಕ್ರ ಸವೆಯುತ್ತದೆ.

ಭಾರ ಎಲ್ಲಿ ಕೂರುತ್ತದೆ ಎಂಬುದು ಎಷ್ಟು ಭಾರ ಎಂಬಷ್ಟೇ ಮುಖ್ಯ. 115 ಎಚ್‌ಪಿ ನಾಲ್ಕು ಸ್ಟ್ರೋಕ್ ಎಂಜಿನ್ ಸುಮಾರು 165–175 ಕೆ.ಜಿ., 60 ಎಚ್‌ಪಿಯದು 110–120. ಅದರ ಪಕ್ಕದಲ್ಲೇ ಬ್ಯಾಟರಿ, ಪೆಟ್ರೋಲ್ ಟ್ಯಾಂಕು, ಮೀನಿನ ತೊಟ್ಟಿ, ಚುಕ್ಕಾಣಿ ಹಿಡಿದವನು. ಎಲ್ಲರೂ ಹಿಂದೆಯೇ! ಮೇಲಿನ 1860ರಲ್ಲಿ 100 ಕೆ.ಜಿ. ಭಾರವನ್ನು ಎರಡು ಮೀಟರ್ ಮುಂದೆ ತಂದರೆ ಹಿಂಬದಿ 3 ಸೆಂ.ಮೀ. ಏಳುತ್ತದೆ. ಟ್ಯಾಂಕು ನಡುವಿನಲ್ಲಿರುವ, ಬ್ಯಾಟರಿ ಚುಕ್ಕಾಣಿಯ ಕನ್ಸೋಲಿನ ಕೆಳಗಿರುವ ಮಾದರಿಯನ್ನೇ ಆರಿಸಿ. ಮೂತಿಯ ವಿದ್ಯುತ್ ಮೋಟರಿಗೆ 24 ವೋಲ್ಟ್, 70–80 ಪೌಂಡ್ ಒತ್ತು ಇರಲಿ. 12 ವೋಲ್ಟಿನದು ಗಾಳಿಯಿಲ್ಲದ ದಿನಕ್ಕೆ ಸಾಕು, ಇಳಿತದ ಸೆಳೆತಕ್ಕೆ ಎದುರಾಗಿ ಈ ಗಾತ್ರದ ಬೋಟನ್ನು ಹಿಡಿದು ನಿಲ್ಲಿಸಲಾರದು.

ಅಲ್ಯೂಮಿನಿಯಂ ಬೋಟು ಸಾಯುವುದು ಬಂಡೆಗೆ ಬಡಿದು ಕಡಿಮೆ, ಒಳಗಿನಿಂದ ತಿಂದುಹೋಗಿ ಜಾಸ್ತಿ. ಲೋಹದ ಮೇಲೆ ತಾನಾಗಿ ಕಟ್ಟುವ ಆಕ್ಸೈಡ್ ಪದರ ಅದರ ಕವಚ. ಗಾಳಿ ಸಿಗುವವರೆಗೂ ಅದು ಗಟ್ಟಿ. ಉಪ್ಪುನೀರು ಕುಡಿದ ಕಾರ್ಪೆಟ್ಟು, ಫೋಮು, ಕೆಸರು ತಳಕ್ಕೆ ಅಂಟಿಕೊಂಡು ಕೂತರೆ ಅಲ್ಲಿ ಗಾಳಿಯಾಡದೆ ಕವಚ ಒಡೆಯುತ್ತದೆ, ಸಾಸಿವೆ ಕಾಳಿನಂಥ ಗುಳಿಗಳು ಏಳುತ್ತವೆ, ಬಿಳಿ ಹುಡಿ ಕಾಣುತ್ತದೆ. ಹಾಗಾಗಿ ಕಾರ್ಪೆಟ್ ಹೊದಿಸಿದ ನೆಲ ಉಪ್ಪುನೀರಿಗೆ ಬೇಡವೇ ಬೇಡ. ಬಣ್ಣ ಬಳಿದ ಒರಟು ತಗಡು ಅಥವಾ ಇವಿಎ (ರಬ್ಬರಿನಂಥ ಮೆತ್ತನೆಯ ಪ್ಲಾಸ್ಟಿಕ್) ಹಾಸು ಸಾಕು. ಹುಳ ಹಿಡಿಯದಂತೆ ತಾಮ್ರದ ರಾಸಾಯನಿಕ ಕುಡಿಸಿದ ಪ್ಲೈವುಡ್ ನೆಲಕ್ಕೋ, ಟ್ರೇಲರಿನ ಹಲಗೆಗೋ ಹಾಕಿದ್ದರೆ ಅದು ತಾಗಿದ ಕಡೆಯೆಲ್ಲ ಅಲ್ಯೂಮಿನಿಯಂ ಕರಗುತ್ತದೆ. ತಳಕ್ಕೆ ತಾಮ್ರದ ಆಕ್ಸೈಡ್ ಇರುವ ಪಾಚಿನಿರೋಧಕ ಬಣ್ಣವೂ ಅಷ್ಟೇ ವಿಷ. ನೆಲದಡಿ ನೀರು ಸೇರುವ ಬಿಲ್ಜಿನ ಮೂಲೆಯಲ್ಲಿ ಬಿದ್ದು ಮರೆತುಹೋದ ಒಂದು ಸೀಸದ ಗುಂಡು, ಒಂದು ಹಿತ್ತಾಳೆ ಕೊಂಡಿ ಉಪ್ಪುನೀರಿನಲ್ಲಿ ನೆನೆಯುತ್ತಾ ಕೂತು ತನ್ನ ಅಡಿಯಲ್ಲೇ ತೂತು ಕೊರೆಯಬಲ್ಲದು.

ಸ್ಟೇನ್‌ಲೆಸ್ ಬೋಲ್ಟುಗಳನ್ನು ನೈಲಾನ್ ವಾಷರ್, ಸೀಲಂಟ್ ಇಲ್ಲದೆ ನೇರ ತಗಡಿಗೆ ಬಿಗಿದಿದ್ದರೆ ಕೆಲಸಗಾರ ಅವಸರದವನು ಎಂದೇ ತಿಳಿಯಿರಿ. ಆನೋಡುಗಳು (ಬೋಟಿನ ಬದಲು ತಾವೇ ಸವೆಯುವ ಲೋಹದ ತುಂಡುಗಳು) ಅಲ್ಯೂಮಿನಿಯಂನವೇ ಇರಲಿ, ಉಪ್ಪುನೀರಿಗೂ ಅಳಿವೆಯ ಮಿಶ್ರನೀರಿಗೂ ಆಗುತ್ತವೆ. ಮೆಗ್ನೀಸಿಯಂನವು ಸಿಹಿನೀರಿಗೆ, ಸಮುದ್ರದಲ್ಲಿ ಬೇಗ ಕರಗಿಹೋಗುತ್ತವೆ. ಅರ್ಧ ಸವೆದಾಗ ಬದಲಿಸಿ, ಮೇಲೆ ಬಣ್ಣ ಬಳಿಯಬೇಡಿ. ವಿದ್ಯುತ್ ತಂತಿಗಳು ಪ್ರತಿ ಉಪಕರಣಕ್ಕೂ ಎರಡೆರಡು ಇರಬೇಕು, ಬೋಟಿನ ಮೈಯನ್ನೇ ಮರಳಿ ಬರುವ ತಂತಿಯಾಗಿ ಬಳಸಿರಬಾರದು. ಬ್ಯಾಟರಿಯ ಎರಡೂ ತಂತಿ ಕಳಚಿ, ಎಲ್ಲ ಸ್ವಿಚ್ ಆರಿಸಿ, ಪಾಸಿಟಿವ್ ತಂತಿಗೂ ಬೋಟಿನ ಮೈಗೂ ನಡುವೆ ಮಲ್ಟಿಮೀಟರ್ ಹಿಡಿದು ರೋಧ ನೋಡಿ. ಸಾವಿರಾರು ಓಮ್ ಬಂದರೆ ಸರಿ, ಹತ್ತಾರು ಓಮ್ ಬಂದರೆ ಎಲ್ಲೋ ತಂತಿ ಸುಲಿದಿದೆ.

ಓಡಿಸಿ ನೋಡುವ ದಿನ ಖಾಲಿ ಬೋಟಿನಲ್ಲಿ ಹೋಗಬೇಡಿ. ಮೂರು ಜನ, ತುಂಬಿದ ಟ್ಯಾಂಕು, ನೀರು ತುಂಬಿದ ತೊಟ್ಟಿ. ಜಾಹೀರಾತಿನ ‘ಇಷ್ಟೇ ನೀರು ಸಾಕು’ ಎಂಬ ಸಂಖ್ಯೆ ಹೆಚ್ಚಾಗಿ ಬರಿ ತಳದ್ದು. ಅಳೆಯಬೇಕಾದದ್ದು ಮೂರು: ನಿಂತಾಗ ಹಿಂಬದಿಯ ಆಳ, ವೇಗವಾಗಿ ಓಡುವಾಗ ಸಾಕಾಗುವ ಆಳ, ಮತ್ತು ನಿಂತಲ್ಲಿಂದ ಎದ್ದು ನೀರಿನ ಮೇಲೆ ಜಾರಲು ಬೇಕಾದ ಆಳ. ಮೂರನೆಯದೇ ಎಲ್ಲಕ್ಕಿಂತ ಹೆಚ್ಚು, ಏಕೆಂದರೆ ಏಳುವ ಹೊತ್ತಿನಲ್ಲಿ ಮೂತಿ ಮೇಲೆ, ಹಿಂಬದಿ ಕೆಳಗೆ. ಓಡುತ್ತಾ ದಾಟಿದ ದಿಣ್ಣೆಯ ಮೇಲೆ ಎಂಜಿನ್ ನಿಂತರೆ ಅಲ್ಲಿಂದ ಗಳ ಊರಿ ತಳ್ಳಿಕೊಂಡೇ ಬರಬೇಕು. ನೀರು ತಾನಾಗಿ ಹೊರಹೋಗುವ ನೆಲ ಎಂದು ಮಾರಿದ್ದರೆ, ಇಬ್ಬರು ಒಟ್ಟಿಗೆ ಹಿಂದಿನ ಒಂದೇ ಮೂಲೆಯಲ್ಲಿ ನಿಲ್ಲಿ. ಕಾಲು ಒದ್ದೆಯಾದರೆ ಆ ಮಾತು ಸುಳ್ಳು.

ಹಳೆಯ ಬೋಟು ಕೊಳ್ಳುವುದಾದರೆ ಮೊದಲು ವೇ ಬ್ರಿಡ್ಜ್‌ಗೆ ಕರೆದೊಯ್ಯಿರಿ. ಟ್ರೇಲರ್ ಸಮೇತ ತೂಗಿ, ಬೋಟನ್ನು ನೀರಿಗಿಳಿಸಿ ಬರಿ ಟ್ರೇಲರ್ ತೂಗಿ, ಕಳೆಯಿರಿ. ತಯಾರಕರು ಕೊಟ್ಟ ಒಣತೂಕ, ಎಂಜಿನ್, ಪೆಟ್ರೋಲ್ ಎಲ್ಲ ಕೂಡಿದ ಮೇಲೂ 60–80 ಕೆ.ಜಿ. ಲೆಕ್ಕಕ್ಕೆ ಸಿಗದಿದ್ದರೆ ನೆಲದಡಿಯ ಫೋಮು ನೀರು ಕುಡಿದಿದೆ. ಅದನ್ನು ತೆಗೆಯಲು ಇಡೀ ನೆಲ ಕೀಳಬೇಕು. ಎಂಜಿನ್ನಿನ ಕೆಳಭಾಗ ಹಿಡಿದು ಮೇಲೆ ಕೆಳಗೆ ಒತ್ತಿ, ಟ್ರಾನ್ಸಮ್ ಅದರೊಂದಿಗೆ ಬಾಗಿದರೆ ಒಳಗಿನ ಮರ ಕೊಳೆತಿದೆ ಅಥವಾ ಮೂಲೆಯ ವೆಲ್ಡಿಂಗ್ ಬಿಟ್ಟಿದೆ. ಕೊನೆಗೆ ಟ್ರೇಲರಿನ ಮೇಲೆಯೇ ಬಿರಡೆ ಹಾಕಿ ಒಳಗೆ ನೀರು ಬಿಟ್ಟು ಅಡಿಯಲ್ಲಿ ಮಲಗಿ ನೋಡಿ. ಐದು ಸೆಂ.ಮೀ.ಗಿಂತ ಹೆಚ್ಚು ಬೇಡ: ಈ ಅಳತೆಯ ತಳದಲ್ಲಿ ಅಷ್ಟಕ್ಕೇ 375 ಕೆ.ಜಿ.ಯಷ್ಟು ನೀರು ಕೂರುತ್ತದೆ, ಟ್ರೇಲರಿನ ಅಚ್ಚು ತಡೆಯಬೇಕಲ್ಲ. ಒಂದೊಂದು ಹನಿ ಬಿದ್ದಲ್ಲೂ ಸೀಮೆಸುಣ್ಣದಿಂದ ಸುತ್ತು ಹಾಕಿ, ನೀರು ಬಸಿದ ಮೇಲೆ ಎಣಿಸಿ. ರಿವೆಟ್ ಸಾಲಿನಲ್ಲಿ ನಾಲ್ಕೈದು ಸುತ್ತುಗಳಿದ್ದರೆ ರಿವೆಟ್ ಮತ್ತೆ ಬಡಿಸಿ ಸರಿಮಾಡಿಸಬಹುದು. ಸುತ್ತು ವೆಲ್ಡಿಂಗ್ ಗೆರೆಯ ಪಕ್ಕದಲ್ಲೇ ಉದ್ದಕ್ಕೆ ಸಾಲಾಗಿ ಬಂದರೆ ಬೀಗದ ಕೈ ವಾಪಸು ಕೊಟ್ಟು ಬನ್ನಿ.