ಡಬ್ಬಿಯ ಮೇಲೆ 7,300, ನನ್ನ ಬೋರ್ಡಿನಲ್ಲಿ 3,500

ಡಬ್ಲ್ಯುಡಿ ಬ್ಲ್ಯಾಕ್ ಎಸ್‌ಎನ್850ಎಕ್ಸ್ ಅನ್ನುವ ಎಸ್‌ಎಸ್‌ಡಿ, ಅಂದರೆ ಫೈಲ್‌ಗಳನ್ನು ಚಿಪ್‌ಗಳಲ್ಲಿ ಇಡುವ ಡ್ರೈವ್. 2 ಟಿಬಿ, ಹೀಟ್‌ಸಿಂಕ್ (ಬಿಸಿ ಎಳೆದುಕೊಳ್ಳುವ ಲೋಹದ ಹೊದಿಕೆ) ಇಲ್ಲದ ಮಾದರಿ. ಓದುವ ವೇಗ ಸೆಕೆಂಡಿಗೆ 7,300 ಎಂಬಿ ಅಂತ ಕಂಪನಿ ಹೇಳುತ್ತದೆ. ನನ್ನ ಡೆಸ್ಕ್‌ಟಾಪ್‌ನಲ್ಲಿ ಅದು 3,500ರ ಹತ್ತಿರ ನಿಂತುಬಿಡುತ್ತದೆ. ನಿಲ್ಲುತ್ತದೆ ಅಂತ ಗೊತ್ತಿದ್ದೇ ಕೊಂಡೆ, ಕೊಂಡಿದ್ದಕ್ಕೆ ಬೇಜಾರೂ ಇಲ್ಲ.

ನನ್ನದು ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡುವ ಕೆಲಸ. ಎ4 ಅಳತೆಯ ಪುಟ, 600 ಡಿಪಿಐ, ಪೂರ್ತಿ ಬಣ್ಣ, ಕುಗ್ಗಿಸದ ಟಿಫ್ ಫೈಲ್ ಅಂದರೆ ಪುಟಕ್ಕೆ ಸುಮಾರು 104 ಎಂಬಿ. ಮುನ್ನೂರು ಪುಟದ ಪುಸ್ತಕ 31 ಜಿಬಿ ಮುಟ್ಟುತ್ತದೆ. ಆಮೇಲೆ ವಾರೆಯಾದ ಪುಟ ನೇರ ಮಾಡಬೇಕು, ಅಂಚು ಕತ್ತರಿಸಬೇಕು. ಪ್ರತಿ ಹಂತದಲ್ಲೂ ಹೊಸ ಫೈಲ್ ಹುಟ್ಟುತ್ತದೆ, ಹಳೆಯದನ್ನು ಅಳಿಸಲು ನನಗೆ ಧೈರ್ಯ ಬರುವುದಿಲ್ಲ. ಒಂದು ಪುಸ್ತಕ ಮುಗಿಯುವಷ್ಟರಲ್ಲಿ ಹತ್ತಿರ ಹತ್ತಿರ 90 ಜಿಬಿ ಬರೆದಾಗಿರುತ್ತದೆ.

ಈಗ ಆ 3,500ರ ವಿಷಯ. ನನ್ನದು ಬಿ550 ಚಿಪ್‌ಸೆಟ್ ಇರುವ ಮದರ್‌ಬೋರ್ಡ್, ರೈಜನ್ 5600ಜಿ ಪ್ರೊಸೆಸರ್. ಬಿ550ಯಲ್ಲಿ ಮೇಲಿನ ಎಂ.2 ಸ್ಲಾಟ್ (ಇಂಥ ಡ್ರೈವ್ ಕೂರಿಸುವ ಜಾಗ) ನೇರ ಪ್ರೊಸೆಸರ್‌ಗೆ ಸೇರುತ್ತದೆ. ಅಲ್ಲಿ ಪಿಸಿಐಇ (ಡ್ರೈವ್ ಮತ್ತು ಪ್ರೊಸೆಸರ್ ನಡುವಿನ ಡೇಟಾ ದಾರಿ) 4.0 ಸಿಗುತ್ತದೆ ಅಂತ ಬೋರ್ಡಿನ ಡಬ್ಬಿ ಹೇಳುವುದು ಸುಳ್ಳಲ್ಲ. ಆದರೆ 4.0 ಕೊಡಬೇಕಾದ್ದು ಪ್ರೊಸೆಸರ್. 5600ಜಿಯಲ್ಲಿ ಗ್ರಾಫಿಕ್ಸ್ ಒಳಗೇ ಇದೆ, ಪಿಸಿಐಇ ಮಾತ್ರ 3.0ಕ್ಕೇ ಮುಗಿಯಿತು. ಕೆಳಗಿನ ಸ್ಲಾಟ್ ಬೋರ್ಡಿನ ಮೇಲಿನ ಚಿಪ್‌ಸೆಟ್ ಮೂಲಕ ಹೋಗುತ್ತದೆ, ಅದು ಯಾವ ಪ್ರೊಸೆಸರ್ ಹಾಕಿದರೂ 3.0 ಮಾತ್ರ. 3.0ರ ನಾಲ್ಕು ಲೇನ್‌ಗಳಲ್ಲಿ 3,500, 4.0ರಲ್ಲಿ 7,000 ಚಿಲ್ಲರೆ, 5.0ರಲ್ಲಿ ಅದರ ದುಪ್ಪಟ್ಟು ಅಂತ ಸ್ಥೂಲವಾಗಿ ಇಟ್ಟುಕೊಳ್ಳಿ. ಡ್ರೈವ್ ನೋಡುವ ಮೊದಲು ಬೋರ್ಡಿನ ಮ್ಯಾನುಯಲ್ ತೆಗೆದು ಯಾವ ಸ್ಲಾಟ್ ಎಲ್ಲಿಗೆ ಸೇರುತ್ತದೆ ಅಂತ ನೋಡಿ. ಅನೇಕ ಬೋರ್ಡ್‌ಗಳಲ್ಲಿ ಎರಡನೇ ಎಂ.2ಗೆ ಏನಾದರೂ ಹಾಕಿದರೆ ಎರಡು ಸಾಟಾ ಪೋರ್ಟ್ (ಕೇಬಲ್‌ನಿಂದ ಡ್ರೈವ್ ಜೋಡಿಸುವ ಹಳೆಯ ಬಗೆಯ ಕಿಂಡಿ) ಸುಮ್ಮನಾಗುತ್ತವೆ. ಅದೂ ಅದೇ ಪುಟದಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ.

ಇನ್ನು ಬಳಕೆ. ಇದಕ್ಕೆ ಮುಂಚೆ ಇದ್ದದ್ದು ಸ್ಯಾಮ್‌ಸಂಗ್ 870 ಇವೊ, ಸಾಟಾ ಎಸ್‌ಎಸ್‌ಡಿ. ಸಾಟಾದ ದಾರಿಯೇ ಅಷ್ಟು, 560 ಎಂಬಿ ದಾಟುವುದಿಲ್ಲ. ಲೆಕ್ಕ ನೋಡಿದರೆ ಹೊಸದು ಆರು ಪಟ್ಟು ಜೋರು. ಕಂಪ್ಯೂಟರ್ ಆನ್ ಆಗುವುದು ಆರು ಪಟ್ಟು ಬೇಗವಾಯಿತಾ? ಇಲ್ಲ, ಒಂದೆರಡು ಸೆಕೆಂಡ್ ಉಳಿಯಿತು ಅಷ್ಟೆ. ಪುಟ ನೇರ ಮಾಡುವ ಕೆಲಸ? ಅದೂ ಇದ್ದ ಹಾಗೇ ಇದೆ, ಯಾಕೆಂದರೆ ಅಲ್ಲಿ ದುಡಿಯುವುದು ಪ್ರೊಸೆಸರಿನ ಆರು ಕೋರ್‌ಗಳು, ಡ್ರೈವ್ ಕೈಕಟ್ಟಿ ಕೂತಿರುತ್ತದೆ. ಚಿತ್ರದಿಂದ ಅಕ್ಷರ ಗುರುತಿಸುವ ಓಸಿಆರ್ ಕಥೆಯೂ ಅದೇ.

ವ್ಯತ್ಯಾಸ ಕಂಡದ್ದು ನಾನು ಎಣಿಸದ ಕಡೆ, ಪುಟ ತಿರುವುವಾಗ. ಸ್ಕ್ಯಾನ್ ಆದ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಬಾಣದ ಕೀ ಒತ್ತುತ್ತಾ ನೋಡುತ್ತೇನೆ. ಎಲ್ಲಾದರೂ ಪುಟ ಹಾರಿದೆಯಾ, ಮೂಲೆ ಮಸುಕಾಗಿದೆಯಾ, ಬೆರಳು ಬಿದ್ದಿದೆಯಾ ಅಂತ. 104 ಎಂಬಿ ಫೈಲ್ ಸಾಟಾದಲ್ಲಿ ಬರಲು ಸೆಕೆಂಡಿನ ಐದನೇ ಒಂದು ಭಾಗ ಬೇಕು. ಕೇಳಲು ಏನೂ ಅಲ್ಲ, ಆದರೆ ಕೀ ಒತ್ತಿದಾಗೆಲ್ಲ ಅಷ್ಟು ತಡೆದರೆ ಕಣ್ಣಿನ ಓಟ ಮುರಿಯುತ್ತದೆ, ನಲವತ್ತು ಪುಟದ ಹೊತ್ತಿಗೆ ಗಮನ ಎಲ್ಲೋ ಹೋಗಿರುತ್ತದೆ. ಈಗ ಡ್ರೈವ್‌ನಿಂದ ಆಗುವ ತಡ ಗೊತ್ತೇ ಆಗುವುದಿಲ್ಲ, ಚಿತ್ರ ಬಿಚ್ಚಿಕೊಳ್ಳುವ ಸಮಯ ಮಾತ್ರ ಉಳಿದಿದೆ. ಮಸುಕಾದ ಪುಟಗಳು ಮೊದಲಿಗಿಂತ ಹೆಚ್ಚು ಕಣ್ಣಿಗೆ ಬೀಳುತ್ತಿವೆ. ನನ್ನ ಮಟ್ಟಿಗೆ ದುಡ್ಡು ಅಲ್ಲೇ ಹುಟ್ಟಿತು.

ಡ್ರೈವ್ ವೇಗ ಅಳೆಯುವ ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಓಡಿಸುವವರು ಮೇಲಿನ ಸಾಲು ನೋಡಿ ಖುಷಿಪಡುತ್ತಾರೆ. ನೀವು ಕೊನೆಯ ಸಾಲು ನೋಡಿ. 4 ಕೆಬಿ ತುಣುಕುಗಳನ್ನು ಒಂದಾದ ಮೇಲೊಂದು, ಅಲ್ಲೊಂದು ಇಲ್ಲೊಂದು ಹೆಕ್ಕುವ ಪರೀಕ್ಷೆ ಅದು. ಪ್ರೋಗ್ರಾಂ ತೆರೆಯುವಾಗ, ಸಾವಿರಾರು ಸಣ್ಣ ಚಿತ್ರಗಳ ಫೋಲ್ಡರ್ ಬಿಚ್ಚುವಾಗ ನಿಜವಾಗಿ ನಡೆಯುವುದು ಹೆಚ್ಚುಕಡಿಮೆ ಇದೇ. ನನ್ನ ಎಸ್‌ಎನ್850ಎಕ್ಸ್ ಅಲ್ಲಿ ಕೊಡುವುದು ಸೆಕೆಂಡಿಗೆ 80 ಎಂಬಿಯ ಆಸುಪಾಸು. 7,300 ಅಲ್ಲ, 3,500 ಅಲ್ಲ, 80! ಸಾಟಾ ಎಸ್‌ಎಸ್‌ಡಿ ಇದರ ಅರ್ಧದಷ್ಟು ಕೊಡುತ್ತದೆ, ತಿರುಗುವ ಹಾರ್ಡ್ ಡಿಸ್ಕ್ ಒಂದು ಎಂಬಿಯನ್ನೂ ದಾಟಲು ಒದ್ದಾಡುತ್ತದೆ. ಹಾರ್ಡ್ ಡಿಸ್ಕ್‌ನಿಂದ ಯಾವ ಎಸ್‌ಎಸ್‌ಡಿಗೆ ಹಾರಿದರೂ ಆಕಾಶ ಭೂಮಿ ವ್ಯತ್ಯಾಸ ಕಾಣುವುದು ಇದಕ್ಕೇ. ಒಂದು ಒಳ್ಳೆಯ ಎಸ್‌ಎಸ್‌ಡಿಯಿಂದ ಇನ್ನೊಂದಕ್ಕೆ ಹೋದರೆ ಅಷ್ಟೇನೂ ಅನ್ನಿಸದಿರುವುದೂ ಇದಕ್ಕೇ.

ಹಾಗಾದರೆ ಅಗ್ಗದ್ದೇ ಸಾಕಲ್ಲ? ಓದುವುದಷ್ಟೇ ಆಗಿದ್ದರೆ ಸಾಕು. ನನ್ನದು ಬರೆಯುವ ಕೆಲಸ. ಈಗಿನ ಹೆಚ್ಚಿನ ಎಸ್‌ಎಸ್‌ಡಿಗಳು ಮೊದಲು ಒಂದು ವೇಗದ ಜಾಗಕ್ಕೆ ಬರೆದುಕೊಂಡು ಆಮೇಲೆ ನಿಧಾನಕ್ಕೆ ಒಳಗೆ ಜೋಡಿಸುತ್ತವೆ. ಆ ಜಾಗ ತುಂಬಿದ ಮೇಲೆ ಬಂಡವಾಳ ಬಯಲಾಗುತ್ತದೆ. ಚಿಪ್‌ನ ಒಂದು ಸೆಲ್‌ನಲ್ಲಿ ಮೂರು ಬಿಟ್ ಇಡುವ ಟಿಎಲ್‌ಸಿ ಆದರೆ ತಡೆದುಕೊಳ್ಳುತ್ತದೆ. ನಾಲ್ಕು ಬಿಟ್ ತುರುಕುವ ಕ್ಯುಎಲ್‌ಸಿ ಮಕಾಡೆ ಮಲಗುತ್ತದೆ. ಸ್ಯಾಮ್‌ಸಂಗ್ 870 ಕ್ಯುವಿಒ 1 ಟಿಬಿಯ ವಿವರ ಪತ್ರದಲ್ಲಿ ಕಂಪನಿಯೇ ಬರೆದಿದೆ: 42 ಜಿಬಿ ತುಂಬಿದ ಮೇಲೆ ಬರೆಯುವ ವೇಗ 80 ಎಂಬಿ. ನನ್ನ ಒಂದು ಪುಸ್ತಕದ ಸ್ಕ್ಯಾನ್ ನುಂಗುತ್ತದೆ, ಎರಡನೆಯದರ ನಡುವೆ ಸೆಕೆಂಡಿಗೆ ಒಂದು ಪುಟವೂ ಇಳಿಯದ ಸ್ಥಿತಿಗೆ ಬರುತ್ತದೆ. ಎಸ್‌ಎನ್850ಎಕ್ಸ್ ಟಿಎಲ್‌ಸಿ, ಯಾವ ಡೇಟಾ ಎಲ್ಲಿದೆ ಅಂತ ನೆನಪಿಟ್ಟುಕೊಳ್ಳಲು ಸ್ವಂತ ಡಿರ್ಯಾಮ್ ಇದೆ, ಖಾಲಿ ಇರುವಾಗ ಆ ವೇಗದ ಜಾಗವೇ ನೂರಾರು ಜಿಬಿ. ಎರಡು ಮೂರು ಪುಸ್ತಕ ಒಟ್ಟಿಗೆ ಹಾಕಿದರೂ ಉಸಿರು ಕಟ್ಟಿದ್ದಿಲ್ಲ. ಡ್ರೈವ್ ತುಂಬುತ್ತಾ ಹೋದ ಹಾಗೆ ಈ ಜಾಗ ಕುಗ್ಗುತ್ತದೆ, ಹಾಗಾಗಿ ಕಾಲು ಭಾಗ ಖಾಲಿ ಬಿಟ್ಟಿರುತ್ತೇನೆ. ಅಂದ ಹಾಗೆ, 2 ಟಿಬಿ ಅಂದದ್ದು ವಿಂಡೋಸ್‌ನಲ್ಲಿ 1.81 ಅಂತ ಕಾಣುತ್ತದೆ. ಮೋಸ ಅಲ್ಲ, ಎಣಿಸುವ ಕ್ರಮ ಬೇರೆ.

ಇದರ ತಮ್ಮನಂತಿರುವ, ಡಿರ್ಯಾಮ್ ಇಲ್ಲದ ಎಸ್‌ಎನ್770 ಕೂಡ ಕೆಟ್ಟದ್ದಲ್ಲ. ಅದು ಕಂಪ್ಯೂಟರಿನ ರ್ಯಾಮ್‌ನಲ್ಲೇ ಸ್ವಲ್ಪ ಜಾಗ ಕೇಳಿ ಪಡೆಯುತ್ತದೆ. 2024ರಲ್ಲಿ ವಿಂಡೋಸ್ 11ರ 24ಎಚ್2 ಬಂದಾಗ ಈ ಜಾಗ ಮೊದಲಿಗಿಂತ ಹೆಚ್ಚಾಗಿ 2 ಟಿಬಿ ಮಾದರಿಗಳು ನೀಲಿ ಪರದೆ ತೋರಿಸಿದ್ದವು, ಡ್ರೈವ್ ಒಳಗಿನ ತಂತ್ರಾಂಶದ (ಫರ್ಮ್‌ವೇರ್) ಅಪ್‌ಡೇಟ್ ಬಂದು ಸರಿಹೋಯಿತು. ಆಟ, ಆಫೀಸು, ಮನೆ ಬಳಕೆಗೆ ನಾನು ಇದನ್ನೇ ಹೇಳುತ್ತೇನೆ.

ಜೋಡಿಸುವಾಗ ಎರಡು ಮಾತು. ಬೋರ್ಡಿನಲ್ಲೇ ಅಲ್ಯೂಮಿನಿಯಂ ಮುಚ್ಚಳ ಇದ್ದರೆ ಹೀಟ್‌ಸಿಂಕ್ ಇರುವ ಮಾದರಿ ಬೇಡ, ಎರಡೂ ಒಂದರ ಮೇಲೊಂದು ಕೂರುವುದಿಲ್ಲ. ಆ ಮುಚ್ಚಳದ ಒಳಗಿನ ಮೆತ್ತನೆ ಪಟ್ಟಿಗೆ ತೆಳ್ಳಗಿನ ಪ್ಲಾಸ್ಟಿಕ್ ಅಂಟಿರುತ್ತದೆ. ಅದನ್ನು ಕಿತ್ತೇ ಹಾಕಿ, ಡ್ರೈವ್ ಮೇಲಿನ ಲೇಬಲ್ ಮಾತ್ರ ಮುಟ್ಟಬೇಡಿ. ಆ ಪುಟಾಣಿ ಸ್ಕ್ರೂ ಬಿದ್ದರೆ ದೇವರೇ ಗತಿ, ಕ್ಯಾಬಿನೆಟ್ ಮಲಗಿಸಿಕೊಂಡು ಕೆಲಸ ಮಾಡಿ.

ಮುಗಿದ ಪುಸ್ತಕಗಳನ್ನು ಇದರಲ್ಲಿ ಇಟ್ಟುಕೊಳ್ಳುವುದಿಲ್ಲ, ಎರಡು ಹಾರ್ಡ್ ಡಿಸ್ಕ್‌ಗಳಿಗೆ ಸಾಗಿಸುತ್ತೇನೆ. ಅಲ್ಲಿ ವೇಗದ ಕೆಲಸವೇ ಇಲ್ಲ. ಮೇಲಾಗಿ ಹಾರ್ಡ್ ಡಿಸ್ಕ್ ಸಾಯುವ ಮುಂಚೆ ಎಷ್ಟೋ ಸಲ ಟಕ್ ಟಕ್ ಅನ್ನುತ್ತದೆ, ಎಸ್‌ಎಸ್‌ಡಿ ಹೇಳದೆ ಹೋಗುತ್ತದೆ.

ಎಸ್‌ಎನ್850ಎಕ್ಸ್ ಬಾಳಿಕೆಯ ಬಗ್ಗೆ: ಐದು ವರ್ಷ ವಾರಂಟಿ, ಅಥವಾ 1,200 ಟಿಬಿ ಬರೆಯುವವರೆಗೆ. ಪುಸ್ತಕಕ್ಕೆ 90 ಜಿಬಿಯಂತೆ ಹದಿಮೂರು ಸಾವಿರ ಪುಸ್ತಕ. ನಾನೇ ಅಷ್ಟು ಬಾಳಿಕೆ ಬರುವ ಪೈಕಿ ಅಲ್ಲ. ಆದರೂ ಎಷ್ಟು ಟಿಬಿ ಬರೆಯಬಹುದು ಅನ್ನುವ ಈ ಟಿಬಿಡಬ್ಲ್ಯು ಅಂಕಿ ಇನ್ನೊಂದಕ್ಕೆ ಉಪಯೋಗಕ್ಕೆ ಬರುತ್ತದೆ. ಟಿಎಲ್‌ಸಿಯೋ ಕ್ಯುಎಲ್‌ಸಿಯೋ ಅಂತ ಎಷ್ಟೋ ಕಂಪನಿಗಳು ಬಾಯಿ ಬಿಡುವುದಿಲ್ಲ. 1 ಟಿಬಿ ಡ್ರೈವ್‌ಗೆ 600ರ ಸುತ್ತಮುತ್ತ ಇದ್ದರೆ ಸಾಮಾನ್ಯವಾಗಿ ಟಿಎಲ್‌ಸಿ. 220, 360 ಅಂತೆಲ್ಲ ಇದ್ದರೆ ಕ್ಯುಎಲ್‌ಸಿ ಇರುವ ಸಾಧ್ಯತೆಯೇ ಹೆಚ್ಚು.