ಬ್ರೇಕ್ ಕೆಲಸ ಮಾಡಿಸಿದ ಮೇಲೆ ಪೆಡಲ್ ಮೆತ್ತಗಾಗಿದ್ದರೆ ಗಾಡಿಯನ್ನು ಗ್ಯಾರೇಜಿನಿಂದ ಹೊರಗೆ ತರಬೇಡಿ

ಕಾರಿನ ಬ್ರೇಕ್ ರಿಪೇರಿ ಮಾಡಿಸಿದ ನಂತರ ಪೆಡಲ್ ಮೊದಲಿಗಿಂತ ಮೆತ್ತಗಾಗಿ, ಒತ್ತಿದಷ್ಟೂ ಕೆಳಗಿಳಿಯುತ್ತಿದ್ದರೆ, "ಹೊಸ ಪ್ಯಾಡ್ ಸಾರ್, ಓಡಿಸ್ತಾ ಓಡಿಸ್ತಾ ಸೆಟ್ ಆಗುತ್ತೆ" ಎಂಬ ಮಾತನ್ನು ದಯವಿಟ್ಟು ಒಪ್ಪಿಕೊಳ್ಳಬೇಡಿ. ಶಿವಮೊಗ್ಗದ ಒಂದು ಗ್ಯಾರೇಜಿನಲ್ಲಿ ನನಗೆ ಇದೇ ಸಮಾಧಾನವನ್ನು ಹೇಳಿ ಕಳುಹಿಸಿದರು. ಆ ಮಾತಿನಿಂದ ನಮ್ಮ ಮನೆಯವರೆಲ್ಲ ಎಂತಹ ಅಪಾಯದ ಅಂಚಿಗೆ ಹೋಗಿದ್ದೆವು ಎಂಬುದು ಬೇರೆಯವರಿಗೂ ತಿಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಬ್ರೇಕ್ ಹಾಕಿದಾಗ ಗಾಡಿ ಒಂದು ಬದಿಗೆ ಎಳೆಯುತ್ತಿದ್ದುದರಿಂದ ಅದನ್ನು ಗ್ಯಾರೇಜಿಗೆ ಬಿಟ್ಟಿದ್ದೆ. ಮುಂದಿನ ಎಡ ಚಕ್ರದ ಕ್ಯಾಲಿಪರ್, ಅಂದರೆ ಚಕ್ರದೊಂದಿಗೆ ತಿರುಗುವ ಡಿಸ್ಕಿಗೆ ಪ್ಯಾಡುಗಳನ್ನು ಒತ್ತುವ ಭಾಗ, ಜಾಮ್ ಆಗಿದೆಯೆಂದು ಹೇಳಿ, ಅದನ್ನೂ ಎರಡೂ ಬದಿಯ ಪ್ಯಾಡುಗಳನ್ನೂ ಬದಲಾಯಿಸಿದರು. ಗಾಡಿ ತೆಗೆದುಕೊಳ್ಳುವಾಗಲೇ ಪೆಡಲ್ ಹತ್ತಿಯ ದಿಂಬನ್ನು ತುಳಿದಂತೆ ಇತ್ತು. ಅದನ್ನು ತಿಳಿಸಿದಾಗ ಮೆಕ್ಯಾನಿಕ್ ಬಾನೆಟ್ ತೆರೆದು ಸ್ವಲ್ಪ ಬ್ರೇಕ್ ಆಯಿಲ್ ಸುರಿದು, ತಾನೇ ಪೆಡಲನ್ನು ಹಲವು ಬಾರಿ ಒತ್ತಿ ನೋಡಿ, ನೂರಿನ್ನೂರು ಕಿಲೋಮೀಟರ್ ಓಡಿದರೆ ಸರಿಹೋಗುತ್ತದೆ ಎಂದು ಭರವಸೆ ಕೊಟ್ಟರು. ಮರುದಿನ ತಾಯಿ, ಹೆಂಡತಿ, ಮಕ್ಕಳೊಂದಿಗೆ ಆಗುಂಬೆಯ ದಾರಿಯಾಗಿ ಉಡುಪಿಗೆ ಹೊರಟೆವು. ಮಂಡಗದ್ದೆಯ ಬಳಿ ಮುಂದೆ ಹೋಗುತ್ತಿದ್ದ ಬಸ್ಸು ಜನರನ್ನು ಇಳಿಸಲು ನಿಂತಾಗ ಬ್ರೇಕ್ ಒತ್ತಿದರೆ ಪೆಡಲ್ ನೆಲ ಮುಟ್ಟಿತು, ಗಾಡಿಯ ವೇಗ ಮಾತ್ರ ಇಳಿಯಲಿಲ್ಲ. ಕಾಲೆತ್ತಿ ಮತ್ತೊಮ್ಮೆ ಒತ್ತಿದಾಗ ಹಿಡಿಯಿತು. ಬಸ್ಸಿಗೂ ನಮಗೂ ನಡುವೆ ಉಳಿದಿದ್ದುದು ಕೆಲವೇ ಅಡಿ. ಇದೇ ಪೆಡಲನ್ನು ನಂಬಿಕೊಂಡು ಆಗುಂಬೆ ಘಾಟಿಯ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ಇಳಿಯಬೇಕಾಗಿತ್ತು ಎಂಬುದನ್ನು ನೆನೆದರೆ ಈಗಲೂ ನನಗೆ ತಡೆಯಲಾಗದಷ್ಟು ಸಿಟ್ಟು ಬರುತ್ತದೆ.

ತೀರ್ಥಹಳ್ಳಿಯಿಂದ ಕರೆಸಿದ ಮೆಕ್ಯಾನಿಕ್ ಆ ಗಾಡಿಯನ್ನು ಓಡಿಸಿಕೊಂಡು ಹೋಗಲು ಒಪ್ಪದೆ ಟೋ ಮಾಡಿಸಿದರು. ಚಕ್ರ ಬಿಚ್ಚಿದ ಕೂಡಲೇ ಅವರಿಗೆ ತಪ್ಪು ಕಾಣಿಸಿತು: ಎಡಬದಿಗೆ ಬಲಬದಿಯ ಕ್ಯಾಲಿಪರನ್ನು ಕೂರಿಸಿದ್ದರು. ಎರಡು ಬದಿಯವೂ ನೋಡಲು ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ, ಬೋಲ್ಟುಗಳೂ ಕೂರುತ್ತವೆ. ಆದರೆ ಆಯಿಲಿನೊಳಗೆ ಸೇರಿದ ಗಾಳಿ ತೆಗೆಯುವ ನಿಪ್ಪಲ್ ಮೇಲ್ತುದಿಯಲ್ಲಿರಬೇಕಾದದ್ದು ಆಗ ಕೆಳಕ್ಕೆ ಬರುತ್ತದೆ. ಗಾಳಿಯ ಗುಳ್ಳೆಗಳು ಯಾವಾಗಲೂ ಮೇಲಕ್ಕೇರಿ ನಿಲ್ಲುವುದರಿಂದ, ಕೆಳಗಿನ ನಿಪ್ಪಲನ್ನು ಎಷ್ಟು ಬಾರಿ ಸಡಿಲಿಸಿದರೂ ಆಯಿಲ್ ಹೊರಬರುತ್ತದೆಯೇ ಹೊರತು ಗಾಳಿ ಒಳಗೇ ಉಳಿಯುತ್ತದೆ. ಗ್ಯಾರೇಜಿನ ಬಿಲ್ಲಿನಲ್ಲಿ 'ಬ್ರೇಕ್ ಬ್ಲೀಡಿಂಗ್' (ಈ ಗಾಳಿ ತೆಗೆಯುವ ಕೆಲಸ) ಎಂದು ಬರೆದು ಹಣವನ್ನೂ ತೆಗೆದುಕೊಂಡಿದ್ದರು.

ಬ್ರೇಕ್ ಆಯಿಲ್ ಒತ್ತಡಕ್ಕೆ ಕುಗ್ಗುವುದಿಲ್ಲ ಎಂಬ ಒಂದೇ ಗುಣದ ಮೇಲೆ ಈ ವ್ಯವಸ್ಥೆಯೆಲ್ಲ ನಿಂತಿದೆ. ಕಾಲಿನ ಒತ್ತಡ ಪೆಡಲಿಗೆ ಜೋಡಿಸಿದ ಮಾಸ್ಟರ್ ಸಿಲಿಂಡರಿನಿಂದ ಪೈಪುಗಳ ಮೂಲಕ ನಾಲ್ಕೂ ಚಕ್ರಗಳನ್ನು ತಲುಪುತ್ತದೆ. ನಡುವೆ ಗಾಳಿ ಸೇರಿಕೊಂಡರೆ ಪೆಡಲ್ ಚಲಿಸಿದ ದೂರವೆಲ್ಲ ಆ ಗಾಳಿಯನ್ನು ಕುಗ್ಗಿಸುವುದಕ್ಕೇ ಖರ್ಚಾಗುತ್ತದೆ, ಪ್ಯಾಡುಗಳು ಡಿಸ್ಕನ್ನು ಹಿಡಿಯುವುದೇ ಇಲ್ಲ. ಓಡಿಸಿದಷ್ಟಕ್ಕೇ ಈ ಗಾಳಿ ತಾನಾಗಿ ಹೊರಹೋಗುವುದಿಲ್ಲ. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಂಡು ಪೂರ್ಣ ಹಿಡಿತ ಕೊಡಲು ಒಂದಷ್ಟು ಕಿಲೋಮೀಟರ್ ಬೇಕೆಂಬುದು ನಿಜ. ಪ್ಯಾಡ್ ಹಾಕಲು ಕ್ಯಾಲಿಪರಿನ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿರುವುದರಿಂದ ಮೊದಲ ಕೆಲವು ಒತ್ತುಗಳಲ್ಲಿ ಪೆಡಲ್ ಕೆಳಗಿಳಿಯುವುದೂ ನಿಜ. ಆದರೆ ಪೆಡಲನ್ನು ಹಾಗೆ ಒತ್ತಿ ಗಟ್ಟಿ ಮಾಡುವುದು ಗಾಡಿ ಜಾಕಿನಿಂದ ಇಳಿದ ಕೂಡಲೇ ಮೆಕ್ಯಾನಿಕ್ ಮುಗಿಸಬೇಕಾದ ಕೆಲಸ. ಹೊಸ ಪ್ಯಾಡಿನ ಹಿಡಿತ ಮೊದಮೊದಲು ಸ್ವಲ್ಪ ಕಡಿಮೆಯಿದ್ದರೂ ಪೆಡಲ್ ಮಾತ್ರ ಗಟ್ಟಿಯಾಗಿಯೇ ಇರಬೇಕು.

ಹಣ ಕೊಡುವ ಮೊದಲು ಗ್ಯಾರೇಜಿನ ಅಂಗಳದಲ್ಲಿಯೇ ಇದನ್ನು ಪರೀಕ್ಷಿಸಬಹುದು. ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಬಾರಿ ಒತ್ತಿ ಬಿಟ್ಟರೆ ಕಾಲಿನ ಬಲವನ್ನು ಹೆಚ್ಚಿಸುವ ಬೂಸ್ಟರಿನಲ್ಲಿ ಉಳಿದ ನಿರ್ವಾತ ಮುಗಿದು ಪೆಡಲ್ ಗಟ್ಟಿಯಾಗಬೇಕು. ಆಮೇಲೆ ಗಟ್ಟಿಯಾಗಿ ಒತ್ತಿ ಹಿಡಿದು ಅರ್ಧ ನಿಮಿಷ ಕಾಯಿರಿ. ಹಾಗೆ ಹಿಡಿದಿರುವಾಗ ಅದು ನಿಧಾನವಾಗಿ ಕುಸಿಯುತ್ತಿದ್ದರೆ ಎಲ್ಲೋ ಆಯಿಲ್ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಒಳಗಿನ ಸೀಲ್ ಹೋಗಿದೆ. ಮೊದಲ ಒತ್ತಿಗೆ ಆಳಕ್ಕಿಳಿದು, ಮೇಲಿಂದ ಮೇಲೆ ಒತ್ತಿದಾಗ ಮಾತ್ರ ಮೇಲೇರುತ್ತಿದ್ದರೆ ಗಾಳಿ ಸೇರಿದೆ, ಅಥವಾ ಹಿಂದಿನ ಚಕ್ರಗಳ ಡ್ರಮ್ಮುಗಳಿಗೂ ಅವನ್ನು ಉಜ್ಜಿ ನಿಲ್ಲಿಸುವ ಲೈನರಿಗೂ ನಡುವಿನ ಅಂತರ ಹೆಚ್ಚಾಗಿದೆ ಎಂದು ತಿಳಿಯಬೇಕು. ಕಾಲನ್ನು ಪೆಡಲ್ ಮೇಲೆಯೇ ಇಟ್ಟು ಎಂಜಿನ್ ಸ್ಟಾರ್ಟ್ ಮಾಡಿದಾಗ ಅದು ಸ್ವಲ್ಪ ಕೆಳಗಿಳಿಯುವುದು ಸಹಜ. ಬೂಸ್ಟರ್ ಕೆಲಸ ಮಾಡುತ್ತಿರುವುದರ ಗುರುತು ಅದು, ಅದಕ್ಕೆ ಗಾಬರಿಯಾಗಬೇಕಿಲ್ಲ. ಹಳೆಯ ಗಾಡಿಗಳಲ್ಲಿ ಗಾಳಿ ತೆಗೆಯುವಾಗ ಪೆಡಲನ್ನು ನೆಲದವರೆಗೆ ತುಳಿದರೆ, ಮಾಸ್ಟರ್ ಸಿಲಿಂಡರಿನ ಸೀಲುಗಳು ವರ್ಷಗಟ್ಟಲೆ ಮುಟ್ಟದಿದ್ದ ತುಕ್ಕಿನ ಭಾಗದ ಮೇಲೆ ಉಜ್ಜಿ ಹರಿಯುವ ಸಂಭವವೂ ಇದೆ.

ನಮ್ಮ ಗಾಡಿಯ ಆಯಿಲ್ ಕೂಡ ಕಪ್ಪಾಗಿತ್ತು. ಅದನ್ನು ಬದಲಾಯಿಸದೆ ಮೇಲಿನಿಂದ ಹೊಸದನ್ನು ಸುರಿದಿದ್ದರು. ಡಾಟ್ 3, ಡಾಟ್ 4 ದರ್ಜೆಯ ಆಯಿಲುಗಳು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ಮಾನದಂಡವಿದೆ. ತೇವ ಹೀರಿದ ಆಯಿಲಿಗೆ ಅದೇ ಮಾನದಂಡ 155 ಡಿಗ್ರಿಗೆ ಇಳಿಯುತ್ತದೆ. ಘಾಟಿಯಲ್ಲಿ ಸತತವಾಗಿ ಬ್ರೇಕ್ ಒತ್ತುತ್ತಾ ಇಳಿಯುವಾಗ ಕಾವು ಏರಿ ಹಳೆಯ ಆಯಿಲ್ ಕುದಿದರೆ ಅದರ ಆವಿಯೂ ಗಾಳಿಯಂತೆಯೇ ಕುಗ್ಗಿ ಪೆಡಲ್ ಕುಸಿಯುತ್ತದೆ. ಮಲೆನಾಡಿನ ತೇವದ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಆಯಿಲನ್ನು ಪೂರ್ತಿ ಬದಲಾಯಿಸಿ, ಸೀಲ್ ಒಡೆಯದ ಡಬ್ಬಿಯನ್ನು ಎದುರಿಗೇ ತೆರೆಸುವುದು ಒಳ್ಳೆಯದು. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುವ ಎಬಿಎಸ್ ಇರುವ ಗಾಡಿಗಳದು ಇನ್ನೊಂದು ತೊಡಕು. ಕೆಲವು ಮಾದರಿಗಳಲ್ಲಿ ಅದರ ಘಟಕದೊಳಗೆ ಗಾಳಿ ಸಿಕ್ಕಿಕೊಂಡರೆ ಸ್ಕ್ಯಾನರ್ ಜೋಡಿಸಿ ಪಂಪನ್ನು ಓಡಿಸಿಯೇ ಅದನ್ನು ತೆಗೆಯಬೇಕಾಗುತ್ತದೆ. ಆ ಉಪಕರಣ ಇದೆಯೇ ಎಂದು ಕೆಲಸ ಒಪ್ಪಿಸುವ ಮೊದಲೇ ಕೇಳಿಕೊಳ್ಳಿ.

ಓಡುತ್ತಿರುವಾಗಲೇ ಪೆಡಲ್ ಕುಸಿದರೆ ಎಂಜಿನ್ ಆಫ್ ಮಾಡಬೇಡಿ. ಬೂಸ್ಟರಿನ ನೆರವು ತಪ್ಪುತ್ತದೆ, ಸ್ಟಿಯರಿಂಗೂ ಬಿಗಿಯಾಗುತ್ತದೆ. ಪೆಡಲನ್ನು ಬೇಗಬೇಗನೆ ಒತ್ತಿ ಬಿಡುತ್ತಾ, ಗೇರನ್ನು ಒಂದೊಂದಾಗಿ ಇಳಿಸುತ್ತಾ, ಹ್ಯಾಂಡ್ ಬ್ರೇಕನ್ನು ಒಮ್ಮೆಲೇ ಎಳೆಯದೆ ಸ್ವಲ್ಪಸ್ವಲ್ಪವಾಗಿ ಎಳೆಯಬೇಕು.

ಗ್ಯಾರೇಜಿನವರು ಮೊದಲು ತಪ್ಪನ್ನು ಒಪ್ಪಲಿಲ್ಲ. ತೀರ್ಥಹಳ್ಳಿಯ ಮೆಕ್ಯಾನಿಕ್ ಬಿಚ್ಚುವ ಮೊದಲೇ ತೆಗೆದಿಟ್ಟ ಫೋಟೋಗಳಲ್ಲಿ ನಿಪ್ಪಲ್ ಕೆಳಗಿರುವುದು ಸ್ಪಷ್ಟವಾಗಿ ಕಾಣುತ್ತಿದ್ದುದರಿಂದ ಕ್ಯಾಲಿಪರಿನ ಮತ್ತು ಬ್ಲೀಡಿಂಗಿನ ಹಣವನ್ನು ಹಿಂದಿರುಗಿಸಿದರು. ಟೋ ಮಾಡಿಸಿದ ಖರ್ಚನ್ನು ಕೊಡಲಿಲ್ಲ. ಇಂತಹ ಕೆಲಸ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಸೇವಾ ನ್ಯೂನತೆ. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು, ಅಥವಾ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಸಲ್ಲಿಸಬಹುದು. ಐದು ಲಕ್ಷ ರೂಪಾಯಿವರೆಗಿನ ಪ್ರಕರಣಗಳಿಗೆ ಶುಲ್ಕವಿಲ್ಲ. ಅದಕ್ಕೆ ಬೇಕಾಗುವುದು ಮಾಡಿದ ಕೆಲಸವನ್ನು ಬಿಡಿಬಿಡಿಯಾಗಿ ಬರೆದ ಬಿಲ್ಲು, ಬಿಚ್ಚುವ ಮೊದಲಿನ ಫೋಟೋ, ಮತ್ತು ಎರಡನೆಯ ಮೆಕ್ಯಾನಿಕ್ ಕಂಡದ್ದನ್ನು ಬರೆದು ಸಹಿ ಹಾಕಿದ ಒಂದು ಹಾಳೆ.