ಒಂದು ಸುದ್ದಿ ಆ್ಯಪ್‌ನ ಜೊತೆ ಮೂರು ತಿಂಗಳು

ಮೂರು ತಿಂಗಳಿಂದ ಚಂದಾ ಕೊಟ್ಟು ಬಳಸುತ್ತಿರುವ ಸುದ್ದಿ ಆ್ಯಪ್ ಒಂದರ ವಿಮರ್ಶೆ ಇದು. ಅದರ ಹೆಸರನ್ನು ಹೇಳುವುದಿಲ್ಲ. ಇಲ್ಲಿ ಬರುವ ದೋಷಗಳು ಅದೊಂದಕ್ಕೇ ಸೇರಿದವಲ್ಲವಾದ್ದರಿಂದ ಹೆಸರಿನ ಅಗತ್ಯವೂ ಇಲ್ಲ. ಅಕ್ಷರಗಳು ಕಣ್ಣಿಗೆ ಹಿತವಾಗಿವೆ, ಪುಟಗಳು ತಡವಿಲ್ಲದೆ ತೆರೆದುಕೊಳ್ಳುತ್ತವೆ, ಹಳೆಯ ವರದಿಗಳನ್ನು ಹುಡುಕುವುದೂ ಸುಲಭ. ತಾಂತ್ರಿಕವಾಗಿ ದೂರುವಂಥದ್ದೇನೂ ಇಲ್ಲ.

ಮೊದಲ ವಾರ ನಾನು ಅದರಲ್ಲಿ ಸುಳ್ಳುಗಳನ್ನು ಹುಡುಕಿದೆ. ಸಿಕ್ಕಿದ್ದು ಬಹಳ ಕಡಿಮೆ. ಬಿಡಿಬಿಡಿಯಾಗಿ ನೋಡಿದರೆ ವರದಿಯ ವಾಕ್ಯಗಳೆಲ್ಲ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತವೆ, ಆದರೂ ಓದಿ ಮುಗಿಸುವ ಹೊತ್ತಿಗೆ ಮನಸ್ಸಿನಲ್ಲಿ ಮೂಡಿರುವ ಚಿತ್ರ ತಪ್ಪಾಗಿರುತ್ತದೆ. ಹೀಗೇಕೆ ಆಗುತ್ತದೆಂದು ಮತ್ತೆ ಮತ್ತೆ ಓದಿ ನೋಡಿದಾಗ, ಬಹುತೇಕ ಎಲ್ಲ ಕಡೆಯೂ ಕಾಣೆಯಾಗಿದ್ದದ್ದು ಅಳತೆ.

ಆರೋಗ್ಯ ವಿಭಾಗದಲ್ಲಿ ಇದು ಎದ್ದು ಕಾಣುತ್ತದೆ. ‘ಅಪಾಯ ದುಪ್ಪಟ್ಟು’ ಎಂಬ ಶೀರ್ಷಿಕೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಎಷ್ಟಿದ್ದದ್ದು ಎಷ್ಟಾಯಿತು ಎಂಬುದು ಕೊನೆಯ ಪ್ಯಾರಾದಲ್ಲಿರುತ್ತದೆ, ಇಲ್ಲವೇ ಇರುವುದೇ ಇಲ್ಲ. 1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿಯು ಕೆಲವು ಬಗೆಯ ಗರ್ಭನಿರೋಧಕ ಗುಳಿಗೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ ಎಂದು ಎಚ್ಚರಿಸಿದಾಗ ನಡೆದದ್ದೂ ಇದೇ. ಹಳೆಯ ಗುಳಿಗೆಯಲ್ಲಿ ಸುಮಾರು 7,000 ಮಹಿಳೆಯರಿಗೆ ಒಬ್ಬರಂತಿದ್ದ ಪ್ರಮಾಣ ಹೊಸದರಲ್ಲಿ ಇಬ್ಬರಿಗೆ ಏರಿತ್ತು. ‘ಎರಡು ಪಟ್ಟು’ ಎಂಬುದು ನಿಜವೇ. ಆದರೆ ಆ 7,000 ಎಂಬ ಸಂಖ್ಯೆ ಸುದ್ದಿಯ ಗದ್ದಲದಲ್ಲಿ ಕರಗಿಹೋಯಿತು. ಹೆದರಿದ ಎಷ್ಟೋ ಮಹಿಳೆಯರು ಗುಳಿಗೆ ನಿಲ್ಲಿಸಿದರು, ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗರ್ಭಪಾತಗಳು ಸಾವಿರಾರು ಸಂಖ್ಯೆಯಲ್ಲಿ ಹೆಚ್ಚಿದವು. ಗರ್ಭಿಣಿಯಾದಾಗ ರಕ್ತ ಹೆಪ್ಪುಗಟ್ಟುವ ಸಂಭವ ಆ ಗುಳಿಗೆ ತೆಗೆದುಕೊಂಡಾಗ ಇರುವುದಕ್ಕಿಂತಲೂ ಹೆಚ್ಚು ಎಂಬುದನ್ನು ನೆನೆದರೆ, ಯಾರೂ ಸುಳ್ಳು ಹೇಳದೆಯೂ ಎಷ್ಟು ಹಾನಿ ಸಾಧ್ಯ ಎಂಬುದು ಗೊತ್ತಾಗುತ್ತದೆ.

ಶೀರ್ಷಿಕೆಗಳ ಕೊನೆಯಲ್ಲಿ ಬರುವ ಪ್ರಶ್ನಾರ್ಥಕ ಚಿಹ್ನೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಂಥ ಪ್ರಶ್ನೆಗಳಿಗೆಲ್ಲ ‘ಇಲ್ಲ’ ಎಂದೇ ಉತ್ತರಿಸಬಹುದು ಎಂದು ಬ್ರಿಟಿಷ್ ಪತ್ರಕರ್ತ ಇಯಾನ್ ಬೆಟರಿಜ್ 2009ರಲ್ಲಿ ಬರೆದಿದ್ದರು. ಈ ಆ್ಯಪ್ ಆ ಮಾತನ್ನು ದಿನವೂ ನಿಜ ಮಾಡುತ್ತಿದೆ.

ಇನ್ನು ‘ಬ್ರೇಕಿಂಗ್ ನ್ಯೂಸ್’. ಏನಾಯಿತೆಂದು ತಿಳಿಯುವ ಮೊದಲೇ ಯಾರು ಮಾಡಿದರು ಎಂಬ ನೋಟಿಫಿಕೇಶನ್ ಬಂದು ಬೀಳುತ್ತದೆ. ಇದು ಮೊಬೈಲ್ ತಂದ ಚಾಳಿಯೇನಲ್ಲ. 1898ರ ಫೆಬ್ರವರಿ 15ರಂದು, ಆಗ ಸ್ಪೇನ್ ಆಳ್ವಿಕೆಯಲ್ಲಿದ್ದ ಕ್ಯೂಬಾದ ಹವಾನಾ ಬಂದರಿನಲ್ಲಿ ಅಮೆರಿಕದ ಯುದ್ಧನೌಕೆ ‘ಮೇನ್’ ಸ್ಫೋಟಗೊಂಡು 260ಕ್ಕೂ ಹೆಚ್ಚು ಮಂದಿ ಸತ್ತಾಗ, ಪತ್ರಿಕೋದ್ಯಮಿ ಹರ್ಸ್ಟ್ ಒಡೆತನದ ‘ನ್ಯೂಯಾರ್ಕ್ ಜರ್ನಲ್’ ಎರಡೇ ದಿನಗಳಲ್ಲಿ ಅದು ಶತ್ರುವಿನ ಕೃತ್ಯವೆಂದು ಮುಖಪುಟದಲ್ಲಿ ಸಾರಿ, ತಪ್ಪಿತಸ್ಥರನ್ನು ಹಿಡಿದುಕೊಟ್ಟವರಿಗೆ 50,000 ಡಾಲರ್ ಬಹುಮಾನವನ್ನೂ ಘೋಷಿಸಿತ್ತು. ಏಪ್ರಿಲ್ ಹೊತ್ತಿಗೆ ಸ್ಪೇನ್ ಜೊತೆ ಯುದ್ಧವೇ ಶುರುವಾಯಿತು. 1976ರಲ್ಲಿ ಅಮೆರಿಕದ ನೌಕಾಪಡೆಯ ಅಡ್ಮಿರಲ್ ರಿಕೋವರ್ ತಂಡವು ಸಾಕ್ಷ್ಯಗಳನ್ನು ಮತ್ತೆ ಪರಿಶೀಲಿಸಿ, ನೌಕೆಯದೇ ಕಲ್ಲಿದ್ದಲು ಕೋಣೆಯ ಬೆಂಕಿ ಪಕ್ಕದ ಮದ್ದುಗುಂಡುಗಳಿಗೆ ತಗುಲಿರುವ ಸಂಭವವೇ ಹೆಚ್ಚು ಎಂದಿತು. (ಪತ್ರಿಕೆಗಳೇ ಯುದ್ಧ ತಂದವು ಎಂಬ ಜನಪ್ರಿಯ ಕಥೆಯೂ ಅತಿರಂಜಿತವೇ ಎಂದು ವಾದಿಸುವ ಇತಿಹಾಸಕಾರರಿದ್ದಾರೆ. ರೋಚಕತೆಯನ್ನು ಟೀಕಿಸುವವರೂ ಕಡ್ಡಿಯನ್ನು ಗುಡ್ಡ ಮಾಡಬಲ್ಲರು.)

ಆ್ಯಪ್‌ನ ವಿಷಯದಲ್ಲಿ ನನಗೆ ಅತ್ಯಂತ ಬೇಸರ ತಂದದ್ದು ತಪ್ಪುಗಳಲ್ಲ, ತಿದ್ದುಪಡಿಯ ಕ್ರಮ. ಮೂರು ತಿಂಗಳಲ್ಲಿ ನಾಲ್ಕು ಬಾರಿ, ನೋಟಿಫಿಕೇಶನ್‌ನಲ್ಲಿ ಓದಿದ ಶೀರ್ಷಿಕೆ ಸಂಜೆ ಸದ್ದಿಲ್ಲದೆ ಬದಲಾಗಿದ್ದನ್ನು ಕಂಡೆ. ತಪ್ಪನ್ನು ಗಂಟೆ ಬಾರಿಸಿ ತಿಳಿಸಿದವರು ಸರಿಯಾದದ್ದನ್ನು ಪಿಸುಗುಟ್ಟಲೂ ಇಲ್ಲ.

ಈಗ ನೋಟಿಫಿಕೇಶನ್‌ಗಳನ್ನು ನಿಲ್ಲಿಸಿ, ರಾತ್ರಿ ಒಮ್ಮೆ ಮಾತ್ರ ತೆರೆದು, ಶೀರ್ಷಿಕೆ ಬಿಟ್ಟು ಮೂರನೆಯ ಪ್ಯಾರಾದಿಂದ ಓದುತ್ತೇನೆ. ಹೀಗೆ ಓದಿದರೆ ಅದೇ ಆ್ಯಪ್ ಸಾಕಷ್ಟು ಸಹನೀಯ. ಐದಕ್ಕೆ ಎರಡು ಅಂಕ. ತಿದ್ದುಪಡಿಗಳಿಗೆ ಪ್ರತ್ಯೇಕ ಪುಟವೊಂದನ್ನು ತೆರೆಯಬೇಕೆಂದು ಸಂಪಾದಕರಿಗೆ ಬರೆದಿದ್ದೇನೆ. ಚಂದಾ ನವೀಕರಿಸಬೇಕೇ ಎಂಬುದನ್ನು ಅವರ ಉತ್ತರ ನೋಡಿ ತೀರ್ಮಾನಿಸುತ್ತೇನೆ.